ಹೆಸರು ಕಳಕೊಂಡ ಕಾಯಿ

ಟೊಮ್ಯಾಟೊ ಅನ್ನೋ ಹೆಸರು ನಾವು ದಿನಾ ಸಾರಿಗೆ ಹಾಕೋ ಕೆಂಪು ಹಣ್ಣಿಂದು ಅಷ್ಟ ಅಲ್ಲ, ಗೊತ್ತೇನ್ರಿ ವೈನಿ? ಮೆಕ್ಸಿಕೋದ ಮೂಲ ಮಂದಿ ಆಡೋ ನಾವಾತ್ಲ್ ಭಾಷಾದಾಗ ‘ತೋಮಾತ್ಲ್’ ಅಂದ್ರ ರಸ ತುಂಬಿದ ದುಂಡನ್ನ ಕಾಯಿಗೆಲ್ಲಾ ಒಟ್ಟು ಹೆಸರು. ಅದರೊಳಗ ಕೆಂಪು ಹಣ್ಣಿಗೆ ‘ಷಿತೋಮಾತ್ಲ್’ ಅಂತಿದ್ರು. ಹಾಳಿಯಂಥಾ ಸಿಪ್ಪಿಯೊಳಗ ಮುಚಗೊಂಡು ಬೆಳೆಯೋ ಹಸಿರು ಕಾಯಿಗೆ ‘ಮಿಲ್‌ತೋಮಾತ್ಲ್’, ಅಂದ್ರ ಹೊಲದ ತೋಮಾತ್ಲ್. ಸ್ಪೇನ್‌ನವರು ಬಂದು ಎರಡಕ್ಕೂ ‘ತೋಮಾತೆ’ ಅಂದುಬಿಟ್ರು. ಕೆಂಪಂದು ಹಡಗು ಹತ್ತಿ ಜಗತ್ತೆಲ್ಲಾ ತಿರುಗಿ ಹೆಸರು ಮಾಡ್ತು. ಹಸಿರಂದು ಊರಾಗ ಉಳೀತು, ಅದಕ್ಕ ‘ತೋಮಾತೀಯೋ’, ಸಣ್ಣ ಟೊಮ್ಯಾಟೊ, ಅಂತ ಹೆಸರಾತು. ಮನ್ಯಾಗ ಮೊದಲಿಂದ ಇದ್ದಾಕಿನ್ನ ಆಮ್ಯಾಲ ಬಂದಾಕಿ ಮುಂದ ಸಣ್ಣಾಕಿ ಅಂತ ಕರದಂಗ. ಆದ್ರ ಮೆಕ್ಸಿಕೋ ಪಟ್ಟಣದ ಸಂತ್ಯಾಗ ಇವತ್ತಿಗೂ ‘ತೋಮಾತೆ’ ಅಂದ್ರ ಹಸಿರ ಕಾಯಿನ ಕೊಡ್ತಾರ. ಕೆಂಪು ಬೇಕಂದ್ರ ‘ಹಿತೋಮಾತೆ’ ಅನ್ನಬೇಕು. ಇದನ್ನ ಕೇಳಿ ನನಗ ಸಮಾಧಾನ ಆತು.

ಈ ಕಾಯಿ ನಮಗ ಪೂರ್ತಿ ಹೊರಗಿಂದೇನಲ್ಲ. ಸಣ್ಣವರಿದ್ದಾಗ ಹೊಲದ ಬದುವಿನ್ಯಾಗ ಹುಡುಕಿ ತಿಂತಿದ್ವಲ್ಲ, ಗರಿಗರಿ ಬುಡ್ಡಿ ಒಡದ್ರ ಒಳಗ ಗೋಲಿಯಷ್ಟ ಹಣ್ಣು, ನಮ್ಮ ಕಡೆ ಬುಡ್ಡಿಹಣ್ಣು ಅಂತಿದ್ವಿ, ನಿಮ್ಮ ಊರಾಗ ಏನಂತಿದ್ರೋ, ಅದು ಇದರ ದಾಯಾದಿ. ಅಶ್ವಗಂಧಿ ಗಿಡಾನೂ ದೂರದ ಬಳಗನ. ಅದರ ಕಾಯಿ ಮ್ಯಾಲೂ ಹಂಥಾದ ತೆಳು ಸಿಪ್ಪಿ ಇರತದ, ನೋಡ್ರಿ. ಈ ಬಳಗ ಭಾಳ ಹಳೀದು. ಅರ್ಜೆಂಟೀನಾದ ಪಟಗೋನಿಯಾದಾಗ ಕಲ್ಲಿನೊಳಗ ಅಚ್ಚೊತ್ತಿದ ಇದರ ಜಾತಿಯ ಕಾಯಿ ಸಿಕ್ಕದ, ಸಿಪ್ಪಿಯ ನರದ ಸಮೇತ. 5.2 ಕೋಟಿ ವರ್ಷದ್ದು ಅಂತ 2017ರಾಗ ವಿಜ್ಞಾನಿಗಳು ಬರದ್ರು. ಅಷ್ಟು ತೆಳು ಸಿಪ್ಪಿ ಕಲ್ಲಾಗಿ ಉಳದದ್ದ ದೊಡ್ಡ ಆಶ್ಚರ್ಯ.

ಮೆಕ್ಸಿಕೋದ ಹೊಲಕ್ಕ ‘ಮಿಲ್ಪಾ’ ಅಂತಾರ. ಗೋವಿನಜೋಳ, ಅದರ ದಂಟಿಗೆ ಹಬ್ಬೋ ಅವರಿ ಜಾತಿ ಕಾಳು, ನೆಲದ ಮ್ಯಾಲ ಕುಂಬಳ, ಎಲ್ಲಾ ಕೂಡೇ ಬೆಳೀತಾವ. ನಮ್ಮ ಅಕ್ಕಡಿ ಬೆಳೆ ಇದ್ದಂಗ. ಅದರ ನಡುವ ಈ ಗಿಡ ತಾನ ಹುಟ್ಟತದ. ಕಳೆ ತಗಿಯೋವಾಗ ಇದನ್ನ ಮಾತ್ರ ಬಿಡತಾರ. ಹಂಗ ಬಿಟ್ಟು ಬಿಟ್ಟು, ದೊಡ್ಡ ಕಾಯಿಯ ಬೀಜ ಎತ್ತಿಟ್ಟು, ಕಳೆ ಹೋಗಿ ಬೆಳೆ ಆಗ್ಯದ. ಇವತ್ತೂ ಹೊಲದಾಗ ತಾನ ಹುಟ್ಟಿದ ಸಣ್ಣ ಕಾಯಿಗೆ ‘ತೋಮಾತೆ ಮಿಲ್ಪೇರೋ’ ಅಂತ ಹೆಸರು.

ಇದೆಲ್ಲಾ ಮಾಡಿದ ಹೆಣ್ಣುಮಕ್ಕಳ ಹೆಸರು ಎಲ್ಲಿ ಅದ ಅಂತ ಹುಡುಕಿದ್ರ, ಎಲ್ಲೂ ಇಲ್ಲ. ಇದ್ದದ್ದು ಅವರ ಕೆಲಸದ ವರ್ಣನಾ ಅಷ್ಟ. ಸಾಹಗುನ್ ಅನ್ನೋ ಸ್ಪೇನ್ ಪಾದ್ರಿ 1529ರಾಗ ಮೆಕ್ಸಿಕೋಕ್ಕ ಬಂದ್ರು. ಅಲ್ಲಿ ಕಲತ ನಾವಾ ಹುಡುಗರನ್ನ ಜೋಡಿ ಮಾಡಿಕೊಂಡು, ಹಿರಿಯರನ್ನ ಕೇಳಿ ಕೇಳಿ 12 ಭಾಗದ ಒಂದು ದೊಡ್ಡ ಗ್ರಂಥ ಬರಸಿದ್ರು, ಒಂದು ಸಾಲಿನ್ಯಾಗ ನಾವಾತ್ಲ್, ಬಾಜೂಕ ಸ್ಪ್ಯಾನಿಷ್, ನಡುನಡುವ ಚಿತ್ರ. ಹತ್ತನೇ ಭಾಗದಾಗ ಸಂತಿ ಬರತದ. ತೋಮಾತ್ಲ್ ಮಾರೋರು ದೊಡ್ಡದು, ಸಣ್ಣದು, ಸಿಹಿದು, ಕೆಂಪಂದು, ಹಳದೀದು ಅಂತ ಎಷ್ಟೊಂದು ತರದ್ದು ಇಟಗೊಂಡು ಕೂತಿರತಾರ. ಕೆಟ್ಟ ವ್ಯಾಪಾರದವರು ಕೊಳತದ್ದು, ಪೆಟ್ಟು ಬಿದ್ದದ್ದು, ಹೊಟ್ಟಿ ಕೆಡಸೋವಂಥಾದ್ದು ಮಾರತಾರ ಅಂತನೂ ಬರದದ. ನಾವು ಸಂತ್ಯಾಗ ಕೈಯಿಂದ ಹಿಚುಕಿ ನೋಡೋದು ಎಷ್ಟು ಹಳೇ ವಿದ್ಯಾ ನೋಡ್ರಿ!

ಆ ಗ್ರಂಥ ಉಳದದ್ದ ಕಷ್ಟದಿಂದ. 1576ರಾಗ ಅಲ್ಲೆ ದೊಡ್ಡ ಸಾಂಕ್ರಾಮಿಕ ಬಂದು ಊರಿಗೆ ಊರು ಖಾಲಿ ಆದವು. ಹೇಳೋರು, ಬರಿಯೋರು, ಬಣ್ಣ ಹಾಕೋರು ಸಾಯಕೋತ ಇದ್ದಾಗನ ಅದು ಬರೀಲಿಕ್ಕೆ ಹತ್ತಿತ್ತು. ಮರುವರ್ಷ 1577ರಾಗ ರಾಜಾ ಎರಡನೇ ಫಿಲಿಪ್, ಈ ಬರಹ ಎಲ್ಲಾ ಜಪ್ತಿ ಮಾಡಿ ಸ್ಪೇನ್‌ಗೆ ಕಳಸ್ರಿ ಅಂತ ಆಜ್ಞಾ ಮಾಡಿದ. ಈಗ ಅದರ ಒಂದು ಪ್ರತಿ ಇಟಲಿಯ ಫ್ಲಾರೆನ್ಸ್ ಊರಿನ ಗ್ರಂಥಾಲಯದಾಗ ಅದ. ಅದು ಹೋಗಿದ್ರ ಆ ಸಂತಿಯ ಇಷ್ಟು ಮಾತೂ ನಮಗ ಸಿಗತಿರಲಿಲ್ಲ.

ಅದರೊಳಗನ ಇನ್ನೊಂದು ಸಂಗತಿ. ಗಂಡು ಹುಟ್ಟಿದ್ರ ಅದರ ಹೊಕ್ಕಳಬಳ್ಳಿ ರಣರಂಗದಾಗ ಹುಗೀತಿದ್ರಂತ. ಹೆಣ್ಣಿಂದಾದ್ರ ಮನ್ಯಾಗ, ಒಲಿ ಬಾಜೂಕ. ಅದಕ್ಕೂ ಮೊದಲು, 1540ರ ಆಚೀಚೆ ಬರಸಿದ ಮೆಂದೋಸಾ ಅನ್ನೋ ಚಿತ್ರದ ಹೊತ್ತಿಗಿ ಅದ, ಈಗ ಆಕ್ಸ್‌ಫರ್ಡ್‌ನ್ಯಾಗ. ಅದರೊಳಗ 13 ವರ್ಷದ ಹುಡುಗಿ ಮೊಣಕಾಲೂರಿ ಕೂತು ಕಲ್ಲಿನ ಮ್ಯಾಲ ಗೋವಿನಜೋಳ ಅರೀತಾಳ. ಎದುರಿಗೆ ಮೂರು ಕಲ್ಲಿನ ಒಲಿ ಮ್ಯಾಲ ಮಣ್ಣಿನ ಹಂಚು. ಆಕಿ ಪಾಲಿಗೆ ಒಂದು ಊಟಕ್ಕ ಎರಡ ರೊಟ್ಟಿ ಅಂತ ಚಿತ್ರದಾಗ ಲೆಕ್ಕ ಬರದಾರ. ಅದನ್ನ ನೋಡಿ ನನ್ನ ಅಜ್ಜಿ ನೆನಪಾದಳು. ಆಕಿನೂ 13ಕ್ಕ ಬೀಸೂಕಲ್ಲ ಮುಂದ ಕೂತಾಕಿ. ಯುದ್ಧ ಗೆದ್ದವರ ಹೆಸರು ಪುಸ್ತಕದ ತುಂಬ ಅದಾವ. ಈ ಹುಡುಗಿಗೆ ಹೆಸರಿಲ್ಲ, ಪಾಲಿನ ರೊಟ್ಟಿ ಲೆಕ್ಕ ಮಾತ್ರ ಅದ.

ಆ ಹಂಚಿನ ಹೆಸರು ‘ಕೊಮಾಲ್’. ಮಣ್ಣಿನದಾದ್ರ ಮೊದಲು ಸುಣ್ಣದ ನೀರು ಸವರತಾರ, ರೊಟ್ಟಿ ಅಂಟಬಾರದಂತ. ರೊಟ್ಟಿ ಬೇಯಿಸಿದ ಹಂಚಿನ ಮ್ಯಾಲನ ಕಾಯಿ, ಮೆಣಸಿನಕಾಯಿ ಸುಟ್ಟು, ಮೂರು ಕಾಲಿನ ಕರೀ ಕಲ್ಲಿನ ಒಳ್ಳಿನ್ಯಾಗ (ಅದಕ್ಕ ‘ಮೊಲ್ಕಹೇತೆ’ ಅಂತಾರ) ಅರದ್ರ ಚಟ್ನಿ ಆತು. ಈಗ ಅದಕ್ಕ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೊತ್ತಂಬರಿ ಹಾಕ್ತಾರಲ್ಲ, ಆ ಮೂರೂ ಸ್ಪೇನ್‌ನವರ ಜೋಡಿ ಹೋದದ್ದು, ಹಿಂದ ಅಲ್ಲೆ ಇರಲಿಲ್ಲ. ಅವರ ಮೆಣಸಿನಕಾಯಿ ಪೋರ್ಚುಗೀಜರ ಕೈಲೆ ನಮ್ಮ ಕಡೆ ಬಂತು. ನಮ್ಮ ಶ್ರಾದ್ಧದ ಅಡಿಗಿ ನೋಡ್ರಿ. ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಕರೀ ಮೆಣಸು, ಹುಣಸೆ ಅಷ್ಟ. ಅವೆರಡೂ ಆಮ್ಯಾಲ ಬಂದದ್ದು ಅನ್ನೋದನ್ನ ನಮ್ಮ ಅಡಿಗಿಮನಿ ಇನ್ನೂ ಮರತಿಲ್ಲ. ಹಿರಿಯರು ಟೊಮ್ಯಾಟೊಕ್ಕ ಚಪ್ಪರಬದ್ನಿ ಅಂತಿದ್ದದ್ದೂ ಹಂಗನ, ಹೊಸಾದಕ್ಕ ಗುರತಿನ ಹೆಸರು.

ನಾನು ಈ ಗಿಡ ಕೈಯಾರೆ ಬೆಳಸಿದ್ದು ತಂಗಿ ಮಗಳ ಮನ್ಯಾಗ, ಟೆಕ್ಸಾಸ್‌ನ್ಯಾಗ. ಆಕಿ ಹಿತ್ತಲದಾಗ ಮೂರು ಸಸಿ ಹಚ್ಚಿದ್ವಿ. ಒಂದ ಗಿಡ ಹಚ್ಚಿದ್ರ ಹೂವೇನೋ ತುಂಬ ಬಿಡತದ, ಕಾಯಿ ಹಿಡಿಯೂದಿಲ್ಲ. ತನ್ನ ಪರಾಗ ತನಗ ಆಗೂದಿಲ್ಲ, ಬಾಜೂಕ ಇನ್ನೊಂದು ಗಿಡ ಇರಬೇಕು, ಜೇನುಹುಳ ಓಡಾಡಬೇಕು. ಹಳದಿ ಹೂವು, ನಡುವ ಕಂದು ಬೊಟ್ಟು. ಹೂವು ಉದುರಿದ ಮ್ಯಾಲ ಮೊದಲು ಸಿಪ್ಪಿ ಬೆಳದು ಆಕಾಶಬುಟ್ಟಿ ಹಂಗ ತೂಗ್ತದ. ಒತ್ತಿ ನೋಡಿದ್ರ ಒಳಗ ಪೊಳ್ಳು. ಅಡ್ಡಾದಿಡ್ಡಿ ಹಬ್ಬತದ, ಕೋಲು ಕೊಡಲೇಬೇಕು.

ಸಸಿ ಹಚ್ಚಿ ಎರಡು, ಎರಡೂವರಿ ತಿಂಗಳಿಗೆ ಕಾಯಿ ಬುಟ್ಟಿ ತುಂಬಿ ಸಿಪ್ಪಿ ಸೀಳತದ. ಕಾಯಿ ಇನ್ನೂ ಹಸಿರು, ಗಟ್ಟಿ ಇದ್ದಾಗ ಕೀಳಬೇಕು. ಹಳದಿ ಆದ್ರ ಹುಳಿ ಇಳದು ಸಪ್ಪಗ ಸಿಹಿ ಆಗ್ತದ. ಎಲಿ, ಸಿಪ್ಪಿ ತಿನ್ನೂ ವಸ್ತು ಅಲ್ಲ, ಮಕ್ಕಳಿಗೆ ಹೇಳಿಡ್ರಿ. ಸಿಪ್ಪಿ ಸಮೇತ ಫ್ರಿಜ್ಜಿನ್ಯಾಗ ಎರಡು ವಾರ ಆರಾಮ ಇರತದ. ಬಿಡಿಸಿದ್ರ ಕೈಗೆ ಅಂಟಂಟು ಹತ್ತತದ, ಅದು ಕಹಿ. ಉಗುರುಬೆಚ್ಚನ ನೀರಾಗ ತಿಕ್ಕಿ ತೊಳೀಬೇಕು.

ಸುಡೋದು ಹಿಂಗ: ಒಣ ಕಬ್ಬಿಣದ ಹಂಚು ಛಲೋ ಕಾಯಲಿ, ಎಣ್ಣಿ ಬ್ಯಾಡ. ಕಾಯಿ, ಮೂರು ಹಸಿಮೆಣಸಿನಕಾಯಿ, ಸಿಪ್ಪಿ ಸಹಿತ ನಾಲ್ಕು ಎಸಳು ಬಳ್ಳೊಳ್ಳಿ ಇಟ್ಟು ಹೊರಳಿಸ್ತಾ ಇರ್ರಿ. ಹಸಿರು ಮಾಸಿ, ಅಲ್ಲಲ್ಲೆ ಕರೀ ಚುಕ್ಕಿ ಬಿದ್ದು ಕಾಯಿ ಮೆತ್ತಗಾದ ಕೂಡ್ಲೆ ತಗೀಬೇಕು. ತಡಾ ಮಾಡಿದ್ರ ಒಡದು ರಸ ಹಂಚಿನ ಪಾಲು. ಬಳ್ಳೊಳ್ಳಿ ಸಿಪ್ಪಿ ತಗದು ಮೆಣಸಿನಕಾಯಿ, ಉಪ್ಪಿನ ಜೋಡಿ ಮೊದಲು ಅರದು, ಆಮ್ಯಾಲ ಒಂದೊಂದ ಕಾಯಿ ಹಾಕಿ ಜಜ್ಜರಿ. ಕಡೀಕ ಕೊತ್ತಂಬರಿ. ಆರಿದ ಮ್ಯಾಲ ತಾನ ಗಟ್ಟಿ ಆಗ್ತದ. ಮಿಕ್ಸರ್‌ನ್ಯಾಗ ನುಣ್ಣಗ ಮಾಡಿದ್ರ ರುಚಿ ಹಾಳು, ಇದು ನನ್ನ ಅಭಿಪ್ರಾಯ, ತಂಗಿ ಮಗಳು ಒಪ್ಪೂದಿಲ್ಲ. ಜೋಳದ ರೊಟ್ಟಿ, ಮ್ಯಾಲ ಒಂದೀಟು ಶೇಂಗಾ ಹಿಂಡಿ ಇದ್ರ ಬ್ಯಾರೆ ಪಲ್ಯಾ ಬೇಕಾಗಿಲ್ಲ.

ಮೆಕ್ಸಿಕೋದವರು ಸಿಪ್ಪಿನೂ ಚೆಲ್ಲೂದಿಲ್ಲ. ಅದನ್ನ ಕುದಿಸಿದ ನೀರಿಗೆ ‘ತೆಕೆಸ್ಕಿತೆ’ ಅನ್ನೋ ಕೆರಿದಂಡಿಯ ಉಪ್ಪು ಹಾಕಿ ತಿಳಿ ಮಾಡಿ, ತಮಾಲೆ ಅನ್ನೋ ಗೋವಿನಜೋಳದ ಕಡಬಿನ ಹಿಟ್ಟಿಗೆ ಕೂಡಸ್ತಾರ, ಹಿಟ್ಟು ಹಗೂರಾಗಿ ಉಬ್ಬತದ. ನಮ್ಮಲ್ಲೆ ಸೋಡಾ ಹಾಕಿದಂಗ.