ಕ್ರಿಯಾಪದದ ಬೆಸುಗೆ: ಕಲ್ಯಾಣದ ವ್ಯಾಕರಣ, ಹುಮನಾಬಾದಿನ ಆಡುಮಾತು

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಕಲ್ಮೇಶ್ವರ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವೊಂದಿದೆ. ಆಕೆ ಬರೆಯುತ್ತಿರುವುದು ಕಲ್ಯಾಣದ (ಇಂದಿನ ಬಸವಕಲ್ಯಾಣ) ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು (1076–1126) ಹೊಗಳುವ ಸಂಸ್ಕೃತ ಶ್ಲೋಕ. ಅದರ ಕ್ರಿಯಾಪದ ‘ಸ್ವೀಕರಿಷ್ಯತಿ’. ಅಕ್ಷರ ಎಣಿಸಿದರೆ ಸ್ವೀ-ಕ-ರಿ-ಷ್ಯ-ತಿ ಎಂದು ಐದು. ವ್ಯಾಕರಣದ ಲೆಕ್ಕದಲ್ಲಿ ಸ್ವೀ, ಕರ್, ಇಷ್ಯ, ತಿ. ಧಾತುವಿನ ‘ಕರ್’ ಎರಡು ಅಕ್ಷರಗಳಿಗೆ ಹಂಚಿಹೋಗಿದೆ. ಉಚ್ಚಾರಣೆಯ ತುಂಡು ಒಂದು, ಅರ್ಥದ ತುಂಡು ಇನ್ನೊಂದು.

ಕನ್ನಡ ಕ್ರಿಯಾಪದವನ್ನು ಶಾಸ್ತ್ರೀಯವಾಗಿ ಬಿಡಿಸುವ ಕೆಲಸಕ್ಕೂ ಈ ನೆಲದ ನಂಟಿದೆ. ‘ಕರ್ಣಾಟಕ ಭಾಷಾಭೂಷಣ’ವನ್ನೂ, ‘ಕಾವ್ಯಾವಲೋಕನ’ದ ಮೊದಲ ಭಾಗವಾಗಿ ‘ಶಬ್ದಸ್ಮೃತಿ’ಯನ್ನೂ ರಚಿಸಿದ ಎರಡನೆಯ ನಾಗವರ್ಮ ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲನ ಕಟಕೋಪಾಧ್ಯಾಯ, ಎಂದರೆ ರಾಜಶಿಬಿರದ ಗುರು, ಆಗಿದ್ದ. ಆ ದೊರೆ 1138–1151ರಲ್ಲಿ ಆಳಿದ ಎರಡನೆಯ ಜಗದೇಕಮಲ್ಲನೆಂಬುದು ರೂಢಿಯ ಅಭಿಪ್ರಾಯ. ಅದೇ ಬಿರುದಿನ ಜಯಸಿಂಹನೆಂದು ವಾದಿಸಿದವರೂ ಉಂಟು. ಭಾಷಾಭೂಷಣ ಕನ್ನಡವನ್ನು ಕುರಿತ ಗ್ರಂಥ, ಸೂತ್ರಗಳು ಮಾತ್ರ ಸಂಸ್ಕೃತದವು! ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೆ (ಕ್ರಿಯಾಪದಕ್ಕೆ) ಒಂದು ಪ್ರಕರಣ, ಧಾತುವಿಗೆ ಇನ್ನೊಂದು ಪ್ರಕರಣ ಮೀಸಲಿಟ್ಟ.

ಈ ಪರಂಪರೆಯಲ್ಲಿ ‘ಮಾಡಿದಂ’ ಎಂದರೆ ಮಾಡು + ದ + ಅಂ; ‘ಮಾಡಿದಪಂ’ (ಮಾಡುತ್ತಾನೆ) ಎಂದರೆ ಮಾಡು + ದಪ + ಅಂ. ಧಾತು, ಕಾಲ, ಪುರುಷ: ಈ ಕ್ರಮ ಇಂದಿಗೂ ಶಾಲೆಯ ಪುಸ್ತಕದಲ್ಲಿದೆ. ಆದರೆ ‘ದಪ’ ಒಂದೇ ತುಂಡೇ? 1872ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿದ ಜರ್ಮನ್ ಪಾದ್ರಿ ಕಿಟ್ಟೆಲ್ ತನ್ನ 1903ರ ವ್ಯಾಕರಣದಲ್ಲಿ ಈ ‘ದಪ’ದೊಳಗೆ ‘ಆಗು’ ಧಾತುವಿನ ‘ಅಪ್ಪ’ವನ್ನು ಗುರುತಿಸುತ್ತಾನೆ. ನನಗೂ ಇದು ಒಪ್ಪಿಗೆ. ಪ್ರತ್ಯಯವೆಂದು ನಾವು ಕರೆಯುವುದು ಎಷ್ಟೋ ಸಲ ಸವೆದ ಕ್ರಿಯಾಪದವೇ.

ಫ್ರೆಂಚ್ ಭಾಷೆಯ ಭವಿಷ್ಯತ್ ರೂಪ ಹುಟ್ಟಿದ್ದೂ ಹೀಗೆಯೇ. ‘ಹಾಡುವೆನು’ ಎಂಬರ್ಥದ ‘ಶಾಂತ್ರೇ’ ಲ್ಯಾಟಿನ್ನಿನ ‘ಕಂತಾರೆ ಹಾಬೆಯೊ’ದಿಂದ ಬಂದದ್ದು, ‘ಹಾಡಲು’ ಎಂಬ ರೂಪಕ್ಕೆ ‘ನನಗೆ ಇದೆ’ ಎಂಬ ಕ್ರಿಯಾಪದ ಅಂಟಿಕೊಂಡಿದೆ. ಉಚ್ಚಾರಣೆಯಲ್ಲಿ ಕೊನೆಯ ‘ತ್ರೇ’ ಒಂದೇ ತುಂಡು. ಅದರ ತಕಾರ, ರಕಾರ ಹಾಡುವುದಕ್ಕೆ ಸೇರಿದ್ದು, ಏಕಾರ ಇರುವುದಕ್ಕೆ.

ಹುಮನಾಬಾದ್, ಬಸವಕಲ್ಯಾಣದ ಆಡುಮಾತಿನಲ್ಲಿ ಈ ಬೆಸುಗೆ ಇನ್ನೂ ಹಸಿಯಾಗಿದೆ. ‘ಅಂವ ಏನ್ ಮಾಡ್ಲತ್ತಾನ?’ ಎಂಬ ಪ್ರಶ್ನೆಯನ್ನೇ ನೋಡಿ. ಇದು ಮೂಲದಲ್ಲಿ ‘ಮಾಡಲಿಕ್ಕೆ ಹತ್ಯಾನ’. ‘ಲಿಕ್ಕೆ’ಯಲ್ಲಿ ಲಕಾರ ಮಾತ್ರ ಉಳಿಯಿತು, ‘ಹತ್ತು’ ಧಾತುವಿನ ಹಕಾರ ಬಿದ್ದಿತು, ಉಳಿದ ಅಕಾರ ಹಿಂದಿನ ಲಕಾರವನ್ನೇರಿ ‘ಲ’ ಆಯಿತು. ಹೀಗಾಗಿ ‘ಲತ್ತಾ’ ಎಂಬಲ್ಲಿ ಎರಡು ಪದಗಳ ಗಡಿ ‘ಲ’ ಅಕ್ಷರದ ನಟ್ಟನಡುವೆ ಹಾಯುತ್ತದೆ. ಕಲಬುರಗಿ ಕಡೆಯೂ ಕೇಳಿಬರುವ ಈ ರೂಪವನ್ನು ಅಶುದ್ಧವೆಂದು ತಿದ್ದುವ ಮೇಷ್ಟ್ರುಗಳಿದ್ದಾರೆ. ‘ಮಾಡಿದಪಂ’ ಶುದ್ಧವಾದರೆ ‘ಮಾಡ್ಲತ್ತಾನ’ ಹೇಗೆ ಅಶುದ್ಧ?

ಪುರುಷಪ್ರತ್ಯಯ ಮಾತ್ರ ಇಲ್ಲಿ ಗಟ್ಟಿಯಾಗಿ ನಿಂತಿದೆ: ಮಾಡ್ಲತ್ತಾಳ, ಮಾಡ್ಲತ್ತಾರ, ಮಾಡ್ಲತ್ತೀನಿ. ನಿಷೇಧಕ್ಕೆ ಬಂದರೆ ಅದೂ ಕಳಚುತ್ತದೆ. ಅವನಾಗಲಿ, ಅವಳಾಗಲಿ, ನಾನಾಗಲಿ, ಎಲ್ಲರಿಗೂ ಒಂದೇ ‘ಮಾಡ್ಲತ್ತಿಲ್ಲ’. ಹಳಗನ್ನಡದ ನಿಷೇಧ ಇದಕ್ಕೆ ಪೂರ್ತಿ ತಿರುಗುಮುರುಗು: ಮಾಡಂ (ಅವನು ಮಾಡನು), ಮಾಡೆಂ (ನಾನು ಮಾಡೆನು). ಅಲ್ಲಿ ಪುರುಷವಿದೆ, ಕಾಲಸೂಚಕವೇ ಇಲ್ಲ.