ಬಳ್ಳಾರಿ ಸೀಮೆಯ ಓದುವ ಮಠಗಳು

ಕನ್ನಡನಾಡಿನ ಹಳ್ಳಿಗಳಲ್ಲಿ ‘ಮಠ’ವೆಂಬ ಶಬ್ದಕ್ಕೆ ಗುರುಗಳ ವಾಸಸ್ಥಾನವೆಂಬುದೊಂದೇ ಅರ್ಥವಿರಲಿಲ್ಲ. ಮಕ್ಕಳು ಅಕ್ಷರ ಕಲಿಯುವ ಸ್ಥಳವೂ ಮಠವೇ. ಅಲ್ಲಿ ಕಲಿಸುವವರು ಐಗಳು. ಮನೆಮನೆಯವರು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಅದಕ್ಕೆ ಕೂಲಿಮಠವೆಂದೂ ಹೆಸರಾಯಿತು. ಈ ಓದುವ ಮಠಗಳು ಹೇಗಿದ್ದುವು, ಯಾರ ಆಶ್ರಯದಿಂದ ಬದುಕಿದ್ದುವು, ಯಾವ ಕಾರಣದಿಂದ ಕ್ಷೀಣಿಸಿದುವು ಎಂಬುದಕ್ಕೆ ಉತ್ತಮವಾದ ಸಾಕ್ಷ್ಯವೊಂದು ಬಳ್ಳಾರಿಯ ಕಲೆಕ್ಟರನ ಕಾಗದದಲ್ಲಿ ದೊರೆಯುತ್ತದೆ.

1822ನೆಯ ಇಸವಿ ಜೂನ್ 25ರಂದು ಮದ್ರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ ಎಂಬವನು, ತನ್ನ ಆಳ್ವಿಕೆಯ ಒಂದೊಂದು ಜಿಲ್ಲೆಯಲ್ಲಿಯೂ ಎಷ್ಟು ಪಾಠಶಾಲೆಗಳಿವೆ, ಅವುಗಳಲ್ಲಿ ಎಷ್ಟು ಮಂದಿ ಓದುತ್ತಾರೆ ಎಂಬುದನ್ನು ಎಣಿಸಿ ತಿಳಿಸಬೇಕೆಂದು ಅಪ್ಪಣೆಮಾಡಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿ ಆಗಸ್ಟ್ 17ರಂದು ಉತ್ತರ ಬರೆದನು. ಈತನು ತೆಲುಗು ಭಾಷೆಗೆ ವ್ಯಾಕರಣವನ್ನು ಬರೆದ ಪಂಡಿತ. ಆದುದರಿಂದ ಬರಿಯ ಅಂಕಿಗಳನ್ನು ಕಳುಹಿಸಿ ಸುಮ್ಮನಾಗಲಿಲ್ಲ. ಮುಂದೆ 1882ರಲ್ಲಿ ಬೇರ್ಪಟ್ಟ ಅನಂತಪುರ ಜಿಲ್ಲೆಯೂ ಆಗ ಬಳ್ಳಾರಿಯಲ್ಲಿಯೇ ಸೇರಿದ್ದಿತು. ಆ ಸೀಮೆಯ ಜನಸಂಖ್ಯೆ 9,27,857, ಪಾಠಶಾಲೆಗಳು 533, ಓದುವ ಮಕ್ಕಳು 6,641. ಎಂದರೆ ಒಂದೊಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಕನ್ನಡದಲ್ಲಿ ಕಲಿಸುವುವು 235, ತೆಲುಗಿನಲ್ಲಿ 226, ಮರಾಠಿಯಲ್ಲಿ 23, ಪಾರಸಿಯಲ್ಲಿ 21. ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು ಅರವತ್ತೇ ಮಂದಿ! ಅಕ್ಕಮಹಾದೇವಿಯ ವಚನಗಳನ್ನು ಬಾಯಲ್ಲಿ ನಲಿದಾಡಿಸಿದ ನಾಡಿನಲ್ಲಿ ಈ ಸಂಖ್ಯೆಯನ್ನು ಓದುವಾಗ ಮನಸ್ಸು ಕುಗ್ಗದಿರದು.

ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾರಂಭವು ಮಠದಲ್ಲಿ ಅಲ್ಲ, ಮನೆಯಲ್ಲಿ ನಡೆಯುತ್ತಿದ್ದಿತು. ತಂದೆತಾಯಿಗಳು ಐಗಳನ್ನೂ ಓದುವ ಹುಡುಗರೆಲ್ಲರನ್ನೂ ಮನೆಗೆ ಕರೆಯಿಸುವರು. ಎಲ್ಲರೂ ಗಣಪತಿಯ ಸುತ್ತ ಕುಳಿತುಕೊಳ್ಳುವರು. ಧೂಪಾರತಿಯಾದಮೇಲೆ ಐಗಳು ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುವರು. ಮನೆಯವರು ಶಕ್ತ್ಯನುಸಾರ ಕಾಣಿಕೆಯನ್ನೊಪ್ಪಿಸುವರು. ಮರುದಿನ ಬೆಳಗಾದೊಡನೆ ಮಗುವು ಮಠಕ್ಕೆ. ಮುಂದೆ ಜೊತೆಯಲ್ಲಿ ಕೂರಬೇಕಾದ ಹುಡುಗರೆಲ್ಲ ಹಿಂದಿನ ದಿನವೇ ಮನೆಗೆ ಬಂದುಹೋದವರಾದುದರಿಂದ ಮಗುವಿಗೆ ಮಠವು ಅಪರಿಚಿತವೆನಿಸುತ್ತಿರಲಿಲ್ಲ.

ಬೆಳಗಿನ ಆರು ಗಂಟೆಗೇ ಪಾಠ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆ ಬಂದಂತೆ ಏರುತ್ತ ಹೋಗುವುದು. ಸೋಮಾರಿಗಳಿಗೆ ಬಸ್ಕಿ ಹೊಡೆಯಿಸುವುದೂ, ಕೈಗಳನ್ನು ಕಟ್ಟಿ ಸೂರಿಗೆ ತೂಗಹಾಕುವುದೂ ಉಂಟು. ಈ ಕ್ರೌರ್ಯವನ್ನು ಹಿಂದಿನದೆಂಬ ಮಾತ್ರಕ್ಕೆ ಹೊಗಳಬೇಕಾದುದಿಲ್ಲ. ಆದರೆ ಕಲಿಸುವ ಕ್ರಮದಲ್ಲಿ ಜಾಣ್ಮೆಯಿದ್ದಿತು. ಮಗುವು ಅಕ್ಷರಗಳನ್ನು ಬಾಯಿಪಾಠಮಾಡದೆ ಮರಳಿನ ಮೇಲೆ ಬೆರಳಿನಿಂದ ತೀಡಿ ಕಲಿಯುತ್ತಿದ್ದಿತು. ಕೈ ಪಳಗಿದಮೇಲೆ ಹಲಗೆ ಅಥವಾ ಕಡತ. ಮೂರು ಅಡಿ ಉದ್ದದ ನಯವಾದ ಹಲಗೆಗೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದರೆ ಸಾಕು. ಕಡತವೆಂಬುದು ಗಂಜಿ ಹಾಕಿ ಬಿರುಸುಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಲೇಪಿಸಿದ್ದು. ಬಳಪದಿಂದ ಬರೆಯುವುದು, ಒದ್ದೆಯ ಬಟ್ಟೆಯಿಂದ ಒರಸುವುದು. ಇದಕ್ಕೆ ಬೇಕಾದ ಸಾಮಗ್ರಿಯಲ್ಲಿ ಅಡಿಗೆಮನೆಯಲ್ಲಿ ದೊರೆಯದ ವಸ್ತುವು ಅಪರೂಪ. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯೂ ಇದ್ದಿತು. ಇಂಥ ಪದ್ಧತಿಯನ್ನೇ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದ್ರಾಸಿನಲ್ಲಿ ಪ್ರಯೋಗಿಸಿ 1797ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಇಲ್ಲಿಯ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದುದು ಯುಕ್ತವೇ ಎಂದು ಕ್ಯಾಂಬೆಲ್ಲನು ಒಪ್ಪಿದ್ದಾನೆ.

ಓದಿನ ಗ್ರಂಥಗಳ ವಿಷಯವು ಭಕ್ತಮಹಾಶಯರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ ಸಾಮಾನ್ಯ. ಲಿಂಗಧಾರಿಗಳ ಮಕ್ಕಳು ಇವುಗಳೊಡನೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಸಿಕ್ಕಿ ಈ ಹೆಸರುಗಳು ಎಷ್ಟು ರೂಪಗೆಟ್ಟಿವೆಯೆಂದರೆ ಬಲ್ಲವರೂ ಎರಡು ಸಲ ನೋಡಬೇಕು! ಭೀಮಕವಿಯು 1369ರಲ್ಲಿ ಮುಗಿಸಿದ ಪುರಾಣವೂ, ವಿರೂಪಾಕ್ಷ ಪಂಡಿತನು 1584ರಲ್ಲಿ ರಚಿಸಿದ ಪುರಾಣವೂ ಪಂಡಿತರ ಸೊತ್ತಾಗಿ ಉಳಿಯದೆ ಹಳ್ಳಿಯ ಹುಡುಗರ ಕೈಗೆ ಬಂದಿದ್ದುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅರ್ಥವನ್ನು ಮಾತ್ರ ಬಹುಮಂದಿ ಅರಿಯುತ್ತಿರಲಿಲ್ಲ. ಅಕ್ಷರಾಭ್ಯಾಸಕ್ಕೆ ತಿಂಗಳಿಗೆ ನಾಲ್ಕಾಣೆ, ಕಾಗದದ ಮೇಲೆ ಬರೆಯುವ ಮಟ್ಟಕ್ಕೆ ಬಂದರೆ ಎಂಟಾಣೆ; ಕಾವ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾದರೆ ಐಗಳು ಕೇಳುವ ಹಣವನ್ನು ಬಹುತೇಕ ತಂದೆತಾಯಿಗಳು ಕೊಡಲಾರರು.

ಕಲೆಕ್ಟರನ ಲೇಖನವು ಕಟುವಾಗುವುದು ಇಲ್ಲಿಯೇ. ಹಿಂದೆ ಮಠವಿದ್ದ ಅನೇಕ ಗ್ರಾಮಗಳಲ್ಲಿ ಈಗ ಒಂದೂ ಇಲ್ಲ. ದೊಡ್ಡ ಮಠಗಳಿದ್ದಲ್ಲಿ ಸ್ಥಿತಿವಂತರ ನಾಲ್ಕಾರು ಮಕ್ಕಳು ಮಾತ್ರ ಉಳಿದಿದ್ದಾರೆ ಎಂದು ಅವನು ಬರೆದನು. ವಿಲಾಯತಿಯ ಬಟ್ಟೆಯು ಬಂದು ಇಲ್ಲಿಯ ನೇಕಾರರ ಆದಾಯವು ಕುಗ್ಗಿದುದನ್ನು ಅವನು ಮುಚ್ಚಿಡಲಿಲ್ಲ. ಎಳೆಯ ಕೈಕಾಲುಗಳಿಗೆ ಅಲ್ಪಸ್ವಲ್ಪ ಶಕ್ತಿ ಬಂದೊಡನೆ ಮಕ್ಕಳನ್ನು ದುಡಿಮೆಗೆ ಹಚ್ಚದೆ ಬಡವರಿಗೆ ಗತಿಯಿರಲಿಲ್ಲ. 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಬರೆಯಲು ತನಗೆ ನಾಚಿಕೆಯಾಗುವುದೆಂದೂ ಹೇಳಿದನು. ಮಠವನ್ನು ಹೊತ್ತಿದ್ದುದು ಮನೆ. ಮನೆಯು ಕುಸಿದಾಗ ಮಠಕ್ಕೆ ಬೇರೆ ಕಂಬವಿರಲಿಲ್ಲ.

ಮನ್ರೋ 1826ರಲ್ಲಿ ಜಿಲ್ಲೆಗಳಲ್ಲಿಯೂ ತಹಶೀಲುಗಳಲ್ಲಿಯೂ ಸರಕಾರಿ ಶಾಲೆಗಳನ್ನು ಸ್ಥಾಪಿಸಲು ಗೊತ್ತುಮಾಡಿದನು. ಮರುವರ್ಷ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಆ ಶಾಲೆಗಳೂ 1836ರಲ್ಲಿ ಮುಚ್ಚಿದುವು.

ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾಂವಿಗಳ ಕಡೆಯಲ್ಲಿ ಸರಕಾರಿ ಕನ್ನಡ ಶಾಲೆಗಳು ಬೇರೂರಿದ ಬಳಿಕ, ಅವುಗಳ ಮಾಸ್ತರರಿಗಾಗಿ 1865ರಲ್ಲಿ ಮಾಸಪತ್ರಿಕೆಯೊಂದು ಹೊರಟಿತು. ಡೆಪ್ಯುಟಿ ಚೆನ್ನಬಸಪ್ಪನವರ ಶ್ರಮ ಅದರ ಹಿಂದಿದ್ದಿತು. ಹೊಸ ಶಾಲೆಗಳಿಗೆ ಮೀಸಲಾದ ಆ ಪತ್ರಿಕೆಗೆ ಅವರು ಇಟ್ಟ ಹೆಸರು ‘ಮಠಪತ್ರಿಕೆ’. ಕಾಲಾಂತರದಲ್ಲಿ ಪತ್ರಿಕೆಯು ‘ಶಾಲಾಪತ್ರಕ’ವಾಯಿತು, ಹಳ್ಳಿಯ ಮುದುಕರ ಬಾಯಲ್ಲಿ ಮಾತ್ರ ಮೊಮ್ಮಕ್ಕಳು ಬಹುಕಾಲ ಮಠಕ್ಕೇ ಹೋಗುತ್ತಿದ್ದರು.