ಕೋದಂಡದಿಂದ ಕಥೆಯವರೆಗೆ: ಹಿಂದಿನ ಬೆಂಚಿನ ಚರಿತ್ರೆ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಸಾಧಕರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಹಿಂದಿನ ಬೆಂಚಿನವರ ಬಗ್ಗೆ ಬರೆಯುತ್ತೇನೆ. ಓದಲು ಮನಸ್ಸಿಲ್ಲದೆ ಗಲಾಟೆ ಮಾಡುವ ಮಕ್ಕಳನ್ನು ದಾರಿಗೆ ತರುವುದು ಹೇಗೆ ಎಂಬುದು ಇಂದಿನ ಶಿಕ್ಷಕರಿಗೆ ಮಾತ್ರ ಎದುರಾದ ಪ್ರಶ್ನೆಯಲ್ಲ.

ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಊರುಗಳಲ್ಲಿ ಕೂಲಿಮಠಗಳಿದ್ದವು. ಹೆತ್ತವರು ಕೊಡುವ ಕಾಳುಕಡಿ, ಕಾಸಿನಲ್ಲಿ ಅಯ್ಯನವರ ಜೀವನ ಸಾಗುತ್ತಿತ್ತು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದರು. ತಪ್ಪಿಸಿಕೊಂಡವನನ್ನು ದೊಡ್ಡ ಹುಡುಗರು ಹೊತ್ತು ತರುತ್ತಿದ್ದರು. ತುಂಟರಿಗೆ ಕೋದಂಡದ ಶಿಕ್ಷೆ: ಜಂತಿಗೆ ಕಟ್ಟಿದ ಹಗ್ಗ ಹಿಡಿದು ನೇತಾಡಬೇಕು, ಕೈಬಿಟ್ಟರೆ ಕೆಳಗೆ ಬೆತ್ತ. ಮುಂದೆ ಸರ್ಕಾರಿ ಶಾಲೆಗಳು ಬಂದಾಗ ಕೋದಂಡ ಹೋಯಿತು, ಬೆತ್ತ ಉಳಿಯಿತು.

ಅಂಥದೇ ಹಳ್ಳಿಶಾಲೆಗಳಲ್ಲಿ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತರಲು ಹೊರಟರು. ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಶಾಲೆಯದೇ ಒಬ್ಬ ಹುಡುಗನಿಗೆ ಚಿಕ್ಕವರಿಗೆ ಕಲಿಸುವ ಹೊಣೆ ಕೊಟ್ಟರು. ಅದು ಫಲಿಸಿತು. 1797ರಲ್ಲಿ ಅವರು ಲಂಡನ್ನಿನಲ್ಲಿ ಇದನ್ನು ಪ್ರಕಟಿಸಿದ ಮೇಲೆ, ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಶಾಲೆಗಳಿಗೂ ಹರಡಿತು.

ಮುಂದಿನ ಹೆಜ್ಜೆ ಗುಜರಾತಿನ ಭಾವನಗರದ್ದು. ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಅವರ ‘ದಿವಾಸ್ವಪ್ನ’ ಎಂಬ ಕಥನದಲ್ಲಿ ಒಬ್ಬ ಮೇಷ್ಟ್ರು ನಾಲ್ಕನೆಯ ತರಗತಿಗೆ ಹೊಸ ಪ್ರಯೋಗ ಮಾಡಲು ಬರುತ್ತಾರೆ. ಮೊದಲ ದಿನ ಮೌನದ ಆಟ ಆಡಿಸಲು ಹೋಗಿ ಸೋಲುತ್ತಾರೆ. ತರಗತಿಯ ತುಂಬ ಗದ್ದಲ. ಮರುದಿನ ಕಥೆ ಶುರು ಮಾಡುತ್ತಾರೆ. ಅದೇ ಹುಡುಗರು ಕಿವಿಗೊಟ್ಟು ಕೂರುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ಶಿಕ್ಷಕರು ಕೇಳಿದ್ದು ನ್ಯಾಯವಾದ ಪ್ರಶ್ನೆ: ಬೆತ್ತ ಕೆಳಗಿಟ್ಟೆವು, ಅದರ ಬದಲಿಗೆ ಏನು? ಅರವತ್ತು ಮಕ್ಕಳ ತರಗತಿಯಲ್ಲಿ ನಿಂತವರಿಗೇ ಅದರ ಕಷ್ಟ ಗೊತ್ತು.

ಉತ್ತರದ ಒಂದು ಸುಳಿವನ್ನು ನಾನು ನಮ್ಮ ಶಾಲೆಯಲ್ಲೇ ಕಂಡಿದ್ದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಗಲಾಟೆಯಲ್ಲಿ ಮೊದಲಿಗ. ಪಾಠ ಗಟ್ಟಿಯಾಗಿ ಓದು ಎಂದರೆ ಸಾಕು, ಬೆಕ್ಕಿನ ಹಾಗೆ ಕೂಗಿ ಏಟು ತಿಂದು ಹೊರಗೆ ನಿಲ್ಲುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ವಿಜ್ಞಾನದ ಮೇಷ್ಟ್ರು ಮಾತ್ರ ಪ್ರಯೋಗದ ಬೀರುವಿನ ಬೀಗದ ಕೈಯನ್ನು ಅವನಿಗೆ ಕೊಟ್ಟಿದ್ದರು. ಆ ಪೀರಿಯಡ್ಡಿನಲ್ಲಿ ಅವನು ಒಮ್ಮೆಯೂ ಕೂಗಿದ್ದಿಲ್ಲ. ಆದರೆ ದಿನಕ್ಕೆ ಅದೊಂದೇ ಪೀರಿಯಡ್ಡು. ಒಂಬತ್ತನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ.

ನನ್ನ ಕೆಲಸದಲ್ಲಿ ಕಂಪ್ಯೂಟರ್ ‘ಎರರ್’ ತೋರಿಸಿದರೆ ಮೊದಲು ಅದನ್ನು ಓದುತ್ತೇವೆ. ತಪ್ಪು ಬೇರೆಲ್ಲೋ ಇರುತ್ತದೆ. ಗೆಳೆಯನ ಕೂಗನ್ನು ಹಾಗೆ ಓದಬೇಕೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಈಗ ಅವನು ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಕೈಗುಣ ಒಳ್ಳೆಯದೆಂದು ಹೆಸರಿದೆ. ಅವನ ಮಗಳು ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ಮಹೋತ್ಸವದ ಕರೆಯೋಲೆಯನ್ನು ಅವನಿಗೆ ಅವಳೇ ಓದಿ ಹೇಳಿದಳಂತೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕಟ್ಟಡಕ್ಕೆ ಕೊಡುವ ದೇಣಿಗೆಯ ಜೊತೆಗೆ, ಊರಿಗೆ ಬಂದಾಗ ಒಂದು ಶನಿವಾರ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರೋಣ. ಓದಲು ತಡವರಿಸುವವರ ಜೊತೆ ಒಂದು ಕಥೆ ಓದೋಣ. ನಾನು ಬರುತ್ತೇನೆ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್